ಹಲ್ಲುಹಲ್ಲಾದ ಚಿತ್ರ ಮತ್ತು ಹಾರಿಸಿಬಿಡುವ ಅಧ್ಯಾಯ

ವ್ಯವಸ್ಥೆಯೊಂದನ್ನು ಅತಿ ಕಡಿಮೆ ವೆಚ್ಚದಲ್ಲಿ ನಡೆಸುವ ಬಗೆಯನ್ನು ಹುಡುಕುವ 'ಅತ್ಯುತ್ತಮ ನಿಯಂತ್ರಣ' ಸಿದ್ಧಾಂತದ ಪುಸ್ತಕಗಳಲ್ಲಿ ಹೆಚ್ಚಿನ ಓದುಗರು ಹಾರಿಸಿಬಿಡುವ ಅಧ್ಯಾಯವೊಂದಿರುತ್ತದೆ: ಪರಿಹಾರದ ಅಸ್ತಿತ್ವ. ಹಾರಿಸುವವರ ವಾದ ನನಗೆ ಗೊತ್ತು. ವ್ಯವಸ್ಥೆ ಕಣ್ಣೆದುರೇ ಓಡುತ್ತಿದೆ, ಅದಕ್ಕೊಂದು ವೆಚ್ಚವಿದೆ, ಆ ವೆಚ್ಚ ಸೊನ್ನೆಗಿಂತ ಕೆಳಗೆ ಇಳಿಯದು. ಅಂದ ಮೇಲೆ ಅತಿ ಅಗ್ಗದ ದಾರಿಯೊಂದು ಇದ್ದೇ ಇರಬೇಕು, ಹುಡುಕುವುದಷ್ಟೇ ಕೆಲಸ. 'ಇದೆ' ಎಂದು ಸಾಧಿಸುತ್ತ ಕೂರುವುದು ಗಣಿತಜ್ಞರ ಗೀಳು. ನಾನು ಗಣಿತಜ್ಞನಲ್ಲ, ಇಂಥ ಸಮಸ್ಯೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ನನ್ನ ಕಸುಬು. ಆದರೂ ಇಡೀ ಪುಸ್ತಕದಲ್ಲಿ ನನ್ನ ಕಸುಬಿಗೆ ಅತಿ ಹತ್ತಿರವಾದದ್ದು ಆ ಅಧ್ಯಾಯವೇ ಎಂಬುದು ನನ್ನ ಹಟ. ಅದರ ನಡುಮಧ್ಯೆ ಒಂದು ಗುಣ ಕುಳಿತಿದೆ: ಅನುಕಲ ರೂಪದ ವೆಚ್ಚದ ಕೆಳ ಅರೆ-ನಿರಂತರತೆ, ಅಂದರೆ ನಿಯಂತ್ರಣಗಳ ಸಾಲೊಂದು ಕೊನೆಗೆ ತಲುಪುವಲ್ಲಿ ವೆಚ್ಚ ಇಳಿಯಬಹುದು, ಥಟ್ಟನೆ ಮೇಲಕ್ಕೆ ಜಿಗಿಯದು ಎಂಬ ಗುಣ. ಲೆಕ್ಕಕ್ಕಾಗಿ ಕಾಲವನ್ನು ತುಂಡುಮಾಡಿದ ಗ್ರಿಡ್ಡನ್ನು ಸಣ್ಣದಾಗಿಸುತ್ತ ಹೋದರೆ ಪರದೆಯ ಮೇಲೆ ಏನು ಮೂಡಲಿದೆ ಎಂಬುದನ್ನು ಅದು ಮುಂಚೆಯೇ ಹೇಳಿಬಿಡುತ್ತದೆ.

ಜೊತೆಯಲ್ಲಿ ಕೆಲಸ ಮಾಡುವ ಕಿರಿಯರು ಯಾರಾದರೂ 'ಸಾಲ್ವರ್ (ಸಮಸ್ಯೆ ಬಿಡಿಸುವ ಪ್ರೋಗ್ರಾಂ) ಕೆಟ್ಟಿದೆ' ಎನ್ನುತ್ತ ಬಂದರೆ ನಾನು ಅವರ ಮುಂದೆ ಇಡುವ ಸಮಸ್ಯೆ ಇದು. ಕಾಲ 0ಯಿಂದ 1ರವರೆಗೆ. ಸ್ಥಿತಿ ಒಂದೇ ಒಂದು ಸಂಖ್ಯೆ, ಸೊನ್ನೆಯಿಂದ ಹೊರಡುತ್ತದೆ. ಅದರ ವೇಗವೇ ನಿಯಂತ್ರಣ, ಆ ವೇಗ −1 ಮತ್ತು +1ರ ನಡುವೆ ಇರಬೇಕು. ವೆಚ್ಚ ಹೀಗೆ: ಪ್ರತಿ ಕ್ಷಣವೂ ಸ್ಥಿತಿಯ ವರ್ಗ, ಅದರ ಜೊತೆಗೆ 1ರಿಂದ ನಿಯಂತ್ರಣದ ವರ್ಗವನ್ನು ಕಳೆದು ಉಳಿದದ್ದು, ಎರಡನ್ನೂ ಕೂಡಿಸಿ ಇಡೀ ಅವಧಿಯ ಮೇಲೆ ಅನುಕಲಿಸಬೇಕು. ಮೊದಲ ಪದ 'ಸೊನ್ನೆಯನ್ನು ಬಿಟ್ಟು ಕದಲಬೇಡ' ಎನ್ನುತ್ತದೆ. ಎರಡನೆಯದು 'ಪೂರ್ಣ ವೇಗದಲ್ಲಿ ಓಡು' ಎನ್ನುತ್ತದೆ.

ಎರಡೂ ಆಜ್ಞೆಗಳನ್ನು ಪಾಲಿಸುವ ಉಪಾಯ ಒಂದೇ. ಕಾಲವನ್ನು ಎನ್ ಸಮಭಾಗಗಳಾಗಿ ಸೀಳಿ, ಒಂದು ಭಾಗದಲ್ಲಿ +1, ಮುಂದಿನದರಲ್ಲಿ −1 ಎಂದು ಬದಲಾಯಿಸುತ್ತ ಹೋಗುವುದು. ಎರಡನೆಯ ಪದ ಸೊನ್ನೆಯಾಗುತ್ತದೆ. ಸ್ಥಿತಿ ಗರಗಸದ ಹಲ್ಲುಗಳಂತೆ ಏರಿಳಿಯುತ್ತದೆ, ಹಲ್ಲಿನ ಎತ್ತರ 1/ಎನ್. ಒಟ್ಟು ವೆಚ್ಚ, ಎನ್‌ನ ವರ್ಗವನ್ನು 3ರಿಂದ ಗುಣಿಸಿ 1ನ್ನು ಅದರಿಂದ ಭಾಗಿಸಿದಷ್ಟು. ಭಾಗಗಳು 10 ಇದ್ದರೆ 0.0033, 100 ಇದ್ದರೆ 0.000033. ಹೀಗೆ ಸೊನ್ನೆಯ ಕಡೆಗೆ ಇಳಿಯುತ್ತಲೇ ಹೋಗುತ್ತದೆ, ಆದರೆ ಮುಟ್ಟುವುದಿಲ್ಲ. ವೆಚ್ಚ ನಿಜಕ್ಕೂ ಸೊನ್ನೆಯಾಗಬೇಕಾದರೆ ಸ್ಥಿತಿ ಸದಾ ಸೊನ್ನೆಯಾಗಿರಬೇಕು. ಸ್ಥಿತಿ ಕದಲದಿದ್ದರೆ ವೇಗವೂ ಸೊನ್ನೆ. ವೇಗ ಸೊನ್ನೆಯಾದರೆ ಎರಡನೆಯ ಪದ 1, ಒಟ್ಟು ವೆಚ್ಚ 1. ಅಂದರೆ ಈ ಸಮಸ್ಯೆಗೆ ಅತ್ಯುತ್ತಮ ನಿಯಂತ್ರಣವೇ ಇಲ್ಲ.

ಸಾಲ್ವರ್‌ಗೆ ಇದು ಗೊತ್ತಿಲ್ಲ. ಅದು ತನಗೆ ಕೊಟ್ಟ ಗ್ರಿಡ್‌ನಲ್ಲಿ ಪ್ರಾಮಾಣಿಕವಾಗಿ ಹಲ್ಲುಗಳನ್ನು ಕೊರೆದು ಕೊಡುತ್ತದೆ. ಗ್ರಿಡ್ ಸಣ್ಣದಾದರೆ ಹಲ್ಲೂ ಸಣ್ಣದು. ಇನ್ನೊಂದು ತಮಾಷೆಯಿದೆ. ಸ್ಥಿತಿ ಸೊನ್ನೆಗೆ ಮರಳಿದಾಗಲೆಲ್ಲ ಮುಂದಿನ ಹಲ್ಲು ಮೇಲ್ಮುಖವಾಗಿದ್ದರೂ ಸರಿ, ಕೆಳಮುಖವಾಗಿದ್ದರೂ ಸರಿ, ವೆಚ್ಚ ಒಂದೇ. 100 ಭಾಗಗಳ ಗ್ರಿಡ್‌ನಲ್ಲಿ 50 ಹಲ್ಲುಗಳು, ಪ್ರತಿಯೊಂದಕ್ಕೂ ಎರಡು ಆಯ್ಕೆ. ಒಂದೇ ವೆಚ್ಚದ ನಿಯಂತ್ರಣಗಳ ಸಂಖ್ಯೆ ಹತ್ತು ಕೋಟಿ ಕೋಟಿಗಳನ್ನೂ ಮೀರುತ್ತದೆ. ಆರಂಭದ ಊಹೆಯನ್ನು ಕೊಂಚ ಬದಲಿಸಿದರೆ ಬೇರೆಯೇ ಚಿತ್ರ ಬರುತ್ತದೆ. ಕಿರಿಯರು 'ಕೆಟ್ಟಿದೆ' ಎನ್ನುವುದು ಇದನ್ನು ನೋಡಿಯೇ. ಕೆಟ್ಟಿರುವುದು ಪ್ರಶ್ನೆ, ಸಾಲ್ವರ್ ಅಲ್ಲ.

ಈಗ ಎನ್ ಅನಂತಕ್ಕೆ ಹೋದಾಗ ಆ ನಿಯಂತ್ರಣಗಳು ಎತ್ತ ಸಾಗುತ್ತಿವೆ ಎಂದು ನೋಡೋಣ. ಬಿಂದುಬಿಂದುವಾಗಿ ನೋಡಿದರೆ ಎಲ್ಲಿಗೂ ಇಲ್ಲ, +1 ಮತ್ತು −1ರ ನಡುವೆ ಜಿಗಿಯುತ್ತಲೇ ಇವೆ. ಆದರೆ ಯಾವುದೇ ಸಣ್ಣ ಅವಧಿಯ ಮೇಲೆ ಸರಾಸರಿ ತೆಗೆದರೆ ಅದು ಸೊನ್ನೆಗೆ ಹತ್ತಿರವಾಗುತ್ತದೆ. ಜೋರಾಗಿ ತಿರುಗುವ ಫ್ಯಾನಿನ ರೆಕ್ಕೆಗಳು ಮಸುಕಾದ ಒಂದೇ ತಟ್ಟೆಯಂತೆ ಕಾಣುವ ಹಾಗೆ. ಸರಾಸರಿಗಳ ಮೂಲಕ ಅಳೆಯುವ ಈ ಸಮೀಪಿಸುವಿಕೆಗೆ ದುರ್ಬಲ ಅಭಿಸರಣೆ ಎಂದು ಹೆಸರು. ಅದನ್ನು ಬಳಸದೆ ನಮಗೆ ಗತಿಯಿಲ್ಲ, ಏಕೆಂದರೆ ನಿಶ್ಚಿತ ಎಲ್ಲೆಯೊಳಗಿರುವ ನಿಯಂತ್ರಣಗಳ ಯಾವುದೇ ಶ್ರೇಢಿಯಿಂದ ಅಭಿಸರಿಸುವ ಉಪಶ್ರೇಢಿಯೊಂದನ್ನು ಹೆಕ್ಕಿಕೊಡುವ ಭರವಸೆ ದುರ್ಬಲ ಅರ್ಥದಲ್ಲಿ ಮಾತ್ರ ಸಿಗುತ್ತದೆ. ಅದಕ್ಕೆ ತೆರುವ ಬೆಲೆಯೂ ಸಣ್ಣದಲ್ಲ. ಅಭಿಸರಣೆ ದುರ್ಬಲವಾದಷ್ಟೂ ವೆಚ್ಚ ನಿರಂತರವಾಗಿ ಉಳಿಯುವುದು ಕಷ್ಟ. ನಮ್ಮ ಉದಾಹರಣೆಯಲ್ಲಿ ಶ್ರೇಢಿಯ ವೆಚ್ಚಗಳು 0ಗೆ ಇಳಿದವು, ಮಿತಿಯಲ್ಲಿ, ಅಂದರೆ ಶ್ರೇಢಿ ಸಮೀಪಿಸುತ್ತ ಹೋದ ಕೊನೆಯಲ್ಲಿ, ಸಿಕ್ಕ 'ಸುಮ್ಮನಿರು' ಎಂಬ ನಿಯಂತ್ರಣದ ವೆಚ್ಚ ಮಾತ್ರ 1ಕ್ಕೆ ಹಾರಿ ಕುಳಿತಿತು.

ಅಡ್ಡಿಯಾಗುವುದು ಈ ಮೇಲ್ಮುಖದ ಜಿಗಿತ ಮಾತ್ರ. ವೆಚ್ಚದಲ್ಲಿ ನಿಯಂತ್ರಣದ ವರ್ಗವಷ್ಟೇ ಇದ್ದಿದ್ದರೆ ಪ್ರತಿ ಹಲ್ಲಿನ ನಿಯಂತ್ರಣದ ವೆಚ್ಚ 1 ಆಗುತ್ತಿತ್ತು, ಮಿತಿಯದು 0. ಅಲ್ಲೂ ನಿರಂತರತೆ ಮುರಿಯಿತು, ಆದರೆ ಕನಿಷ್ಠವನ್ನು ಹುಡುಕುವವನಿಗೆ ಅದರಿಂದ ಲಾಭವೇ. ಮಿತಿಯಲ್ಲಿ ವೆಚ್ಚ ಇಳಿದರೆ ಇಳಿಯಲಿ, ಏರದಿದ್ದರೆ ಸಾಕು. ಇದೇ ಕೆಳ ಅರೆ-ನಿರಂತರತೆ. ನಿರಂತರತೆಯ ಈ ಅರ್ಧಭಾಗವನ್ನು ಪ್ರತ್ಯೇಕವಾಗಿ ಗುರುತಿಸಿದವರು ಫ್ರಾನ್ಸಿನ ರೆನೆ ಬೇರ್, 1899ರ ತಮ್ಮ ಪ್ರಬಂಧದಲ್ಲಿ. ಅದನ್ನು ವಿಚರಣ ಕಲನಕ್ಕೆ (ಕ್ಯಾಲ್ಕ್ಯುಲಸ್ ಆಫ್ ವೇರಿಯೇಷನ್ಸ್) ತಂದು, ಕನಿಷ್ಠದ ಕಡೆಗೆ ಸಾಗುವ ಶ್ರೇಢಿಯನ್ನು ತೆಗೆದುಕೊಂಡು, ಅದರಿಂದ ಉಪಶ್ರೇಢಿ ಹೆಕ್ಕಿ, ಮಿತಿಯಲ್ಲಿ ವೆಚ್ಚ ಏರುವುದಿಲ್ಲ ಎಂದು ತೋರಿಸುವ ನೇರ ವಿಧಾನವನ್ನು ಕಟ್ಟಿ ನಿಲ್ಲಿಸಿದವರು ಇಟಲಿಯ ಲಿಯೊನಿಡಾ ಟೊನೆಲ್ಲಿ.

ವೆಚ್ಚ ಏರದಂತೆ ತಡೆಯುವುದು ಪೀನತೆ. ನಿಯಂತ್ರಣವನ್ನು ಅಡ್ಡ ಅಕ್ಷದಲ್ಲಿಟ್ಟು ಕ್ಷಣಕ್ಷಣದ ವೆಚ್ಚದ ಗ್ರಾಫ್ ಎಳೆದರೆ, ಗ್ರಾಫಿನ ಯಾವ ಎರಡು ಬಿಂದುಗಳನ್ನು ಸೇರಿಸಿದ ರೇಖೆಯೂ ಗ್ರಾಫಿಗಿಂತ ಕೆಳಗೆ ಇಳಿಯಬಾರದು. ಇದರ ಸಾಧನೆ ಒಂದು ಸ್ಪರ್ಶರೇಖೆಯಷ್ಟು ಚಿಕ್ಕದು, ನನಗೆ ಅತಿ ಪ್ರಿಯವಾದದ್ದು. ಪೀನ ಗ್ರಾಫ್ ತನ್ನ ಸ್ಪರ್ಶರೇಖೆಗಿಂತ ಕೆಳಗೆ ಹೋಗುವುದಿಲ್ಲ. ಆದ್ದರಿಂದ ಶ್ರೇಢಿಯ ಪ್ರತಿ ನಿಯಂತ್ರಣದ ವೆಚ್ಚವೂ, ಮಿತಿಯ ವೆಚ್ಚಕ್ಕೆ 'ಇಳಿಜಾರು ಗುಣಿಸು ನಿಯಂತ್ರಣಗಳ ವ್ಯತ್ಯಾಸ'ವನ್ನು ಕೂಡಿಸಿದ್ದಕ್ಕಿಂತ ಕಡಿಮೆಯಾಗದು. ಇಳಿಜಾರನ್ನು ಮಿತಿಯ ನಿಯಂತ್ರಣದಲ್ಲಿ ತೆಗೆದುಕೊಂಡದ್ದರಿಂದ ಅದು ಶ್ರೇಢಿಯೊಂದಿಗೆ ಬದಲಾಗುವುದಿಲ್ಲ. ಇಡೀ ಅವಧಿಯ ಮೇಲೆ ಅನುಕಲಿಸಿ. ಕೂಡಿಸಿದ ಪದದಲ್ಲಿ ವ್ಯತ್ಯಾಸ ಮೊದಲನೆಯ ಘಾತದಲ್ಲಿ ಮಾತ್ರ ಇದೆ. ದುರ್ಬಲ ಅಭಿಸರಣೆ ಸೊನ್ನೆಗೆ ತಳ್ಳುವುದೇ ಇಂಥ ಪದಗಳನ್ನು. ಉಳಿದದ್ದು: ಶ್ರೇಢಿಯ ವೆಚ್ಚಗಳು ಕೊನೆಗೆ ಮಿತಿಯ ವೆಚ್ಚಕ್ಕಿಂತ ಕೆಳಗೆ ನೆಲೆಸಲಾರವು. ಗ್ರಾಫಿನಲ್ಲಿ ಮೂಲೆಗಳಿದ್ದರೆ 1933ರ ಮಜೂರ್ ಪ್ರಮೇಯವನ್ನೂ ಫಾತೂ ಅವರ ಅಸಮಾನತೆಯನ್ನೂ ಕರೆಯಬೇಕಾಗುತ್ತದೆ, ಆದರೆ ಮರ್ಮ ಸ್ಪರ್ಶರೇಖೆಯದೇ.

ತಿರುಗಿ ನೋಡಿದರೆ ಪೀನತೆ ಅನಿವಾರ್ಯವೂ ಹೌದು. ಯಾವುದೇ ಎರಡು ನಿಯಂತ್ರಣ ಮೌಲ್ಯಗಳ ನಡುವೆ ವೇಗವಾಗಿ ಬದಲಾಯಿಸುತ್ತ ಹೋಗಿ: ದುರ್ಬಲ ಮಿತಿ ಅವುಗಳ ಸರಾಸರಿ, ವೆಚ್ಚಗಳು ಎರಡು ವೆಚ್ಚಗಳ ಸರಾಸರಿಯ ಬಳಿ. ಮಿತಿಯಲ್ಲಿ ವೆಚ್ಚ ಏರಕೂಡದು ಎಂದರೆ ಸರಾಸರಿಯ ವೆಚ್ಚ ವೆಚ್ಚಗಳ ಸರಾಸರಿಯನ್ನು ಮೀರಬಾರದು. ಪೀನತೆ ಎಂದರೆ ಇದೇ. ನಮ್ಮ ಉದಾಹರಣೆಯ ಎರಡನೆಯ ಪದ ನಡುವೆ ಗುಡ್ಡದಂತೆ ಉಬ್ಬಿದೆ, ಹಾಗಾಗಿ ಅಲ್ಲಿ ಹಲ್ಲುಗಳು ಬರುತ್ತವೆ ಎಂಬುದನ್ನು ಕಂಪ್ಯೂಟರನ್ನು ಮುಟ್ಟದೆಯೇ ಹೇಳಬಹುದಿತ್ತು.

ಗಮನಿಸಬೇಕಾದ ಸಂಗತಿ, ಪೀನತೆ ಬೇಕಿರುವುದು ನಿಯಂತ್ರಣದಲ್ಲಿ ಮಾತ್ರ. ಸ್ಥಿತಿಯ ವಿಷಯದಲ್ಲಿ ವೆಚ್ಚ ಎಷ್ಟು ಡೊಂಕಾಗಿದ್ದರೂ ನಡೆಯುತ್ತದೆ. ಸ್ಥಿತಿ ಎಂಬುದು ವೇಗದ ಅನುಕಲ. ಅನುಕಲ ಏರಿಳಿತವನ್ನು ನುಂಗಿಹಾಕುತ್ತದೆ. ನಿಯಂತ್ರಣದ ಜಿಗಿತ ಎಷ್ಟೇ ಎನ್‌ಗೂ 2ರಷ್ಟೇ ಇತ್ತು, ಸ್ಥಿತಿಯ ಹಲ್ಲು ಮಾತ್ರ 1/ಎನ್‌ಗೆ ಕುಗ್ಗಿತು, ನೆನಪಿರಲಿ. ಎಲ್ಲದರಲ್ಲೂ ಪೀನತೆ ಬೇಕೆಂದು ತಿಳಿದು ಒಳ್ಳೆಯ ಮಾದರಿಗಳನ್ನು ಸರಳಗೊಳಿಸಿ ಹಾಳುಮಾಡುವವರನ್ನು ಕಂಡರೆ ನನಗೆ ಬೇಸರ.

ಸ್ಥಿತಿಯ ವೇಗವು ನಿಯಂತ್ರಣದ ಮೇಲೆ ಸರಳರೇಖೆಯಂತೆ ಅವಲಂಬಿಸದಿದ್ದರೆ ಮಾತು ಬೇರೆ. ಆಗ ದುರ್ಬಲ ಮಿತಿ ಆ ವ್ಯವಸ್ಥೆಯ ನಡೆಯೇ ಆಗದಿರಬಹುದು. 1959ರಲ್ಲಿ ಫಿಲಿಪ್ಪೋವ್ ಕೇಳಿದ್ದು, ಪ್ರತಿ ಸ್ಥಿತಿಯಲ್ಲಿ ಸಾಧ್ಯವಿರುವ ವೇಗಗಳ ಗಣ ಪೀನವಾಗಿರಬೇಕು ಎಂದು. ಮುಂದೆ ಚೆಸಾರಿ ಮೊದಲಾದವರು ವೇಗವನ್ನೂ ವೆಚ್ಚವನ್ನೂ ಒಟ್ಟಿಗಿಟ್ಟು, 'ಇಷ್ಟು ವೇಗ, ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವೆಚ್ಚ' ಎಂಬ ಜೋಡಿಗಳ ಗಣದ ಪೀನತೆಯನ್ನು ಕೇಳಿದರು. ಆ 'ಇದಕ್ಕಿಂತ ಹೆಚ್ಚು' ಎಂಬುದರಲ್ಲಿಯೇ ಅರೆ-ನಿರಂತರತೆ ಅಡಗಿದೆ.

ಅಸ್ತಿತ್ವವನ್ನು ಕೇಳದೆ, ಅತ್ಯುತ್ತಮ ನಿಯಂತ್ರಣ ಇದ್ದರೆ ಅದು ಪಾಲಿಸಲೇಬೇಕಾದ ಶರತ್ತುಗಳನ್ನು ಕೊಡುವ ಪೊಂಟ್ರಿಯಾಗಿನ್‌ರ ಗರಿಷ್ಠ ತತ್ತ್ವಕ್ಕೆ ನೇರವಾಗಿ ಜಿಗಿಯುವವರಿಗೆ ಪೆರೋನ್ ವಿರೋಧಾಭಾಸವನ್ನು ಹೇಳುತ್ತೇನೆ. ಅತಿ ದೊಡ್ಡ ಪೂರ್ಣಾಂಕವೊಂದಿದೆ ಎಂದುಕೊಳ್ಳಿ. ಅದು 1ಕ್ಕಿಂತ ದೊಡ್ಡದಾಗಿದ್ದರೆ ಅದರ ವರ್ಗ ಅದಕ್ಕಿಂತಲೂ ದೊಡ್ಡದು. ಆದ್ದರಿಂದ ಅತಿ ದೊಡ್ಡ ಪೂರ್ಣಾಂಕ 1. ಅಗತ್ಯ ಶರತ್ತುಗಳನ್ನು ಬಿಡಿಸಿದ್ದರಲ್ಲಿ ತಪ್ಪಿಲ್ಲ, ಇಲ್ಲದ್ದನ್ನು ಇದೆ ಎಂದುಕೊಂಡದ್ದೇ ತಪ್ಪು.

ಪೀನತೆಯೊಂದೇ ಸಾಲದು ಎಂಬುದಕ್ಕೂ ಹಳೆಯ ಸಾಕ್ಷಿಯಿದೆ. ವಾಯರ್‌ಸ್ಟ್ರಾಸ್ 1870ರಲ್ಲಿ ಕೊಟ್ಟ ಉದಾಹರಣೆಯನ್ನು ನಮ್ಮ ಭಾಷೆಗೆ ತಂದರೆ ಹೀಗಿರುತ್ತದೆ: ಸ್ಥಿತಿಯನ್ನು ಒಂದು ಏಕಮಾನ ಕಾಲದಲ್ಲಿ 0ಯಿಂದ 1ಕ್ಕೆ ಒಯ್ಯಬೇಕು, ವೇಗಕ್ಕೆ ಮಿತಿಯಿಲ್ಲ, ವೆಚ್ಚ ಕಾಲದ ವರ್ಗ ಗುಣಿಸು ವೇಗದ ವರ್ಗ. ನಿಯಂತ್ರಣದಲ್ಲಿ ಸಂಪೂರ್ಣ ಪೀನ. ಆದರೆ ಮೊದಲ 0.001 ಅವಧಿಯಲ್ಲೇ 1000ದ ವೇಗದಲ್ಲಿ ಕೆಲಸ ಮುಗಿಸಿಬಿಟ್ಟರೆ ವೆಚ್ಚ ಬರೀ 0.00033; ಅವಧಿಯನ್ನು ಇನ್ನೂ ಕುಗ್ಗಿಸಿದರೆ ಇನ್ನೂ ಕಡಿಮೆ. ಇಲ್ಲಿ ಅರೆ-ನಿರಂತರತೆ ಕೈಕೊಟ್ಟಿಲ್ಲ, ಉಪಶ್ರೇಢಿಯೇ ಸಿಗಲಿಲ್ಲ: ನಿಯಂತ್ರಣವೆಲ್ಲ ಒಂದು ಬಿಂದುವಿಗೆ ಒತ್ತರಿಸಿಕೊಂಡಿತು. ಪರದೆಯ ಮೇಲೆ ಹಲ್ಲುಗಳು ಕಂಡರೆ ಪೀನತೆಯನ್ನು ಅನುಮಾನಿಸುತ್ತೇನೆ. ಒಂದೇ ಒಂದು ಸೂಜಿಮೊನೆ ಗ್ರಿಡ್ ಜೊತೆಗೆ ಬೆಳೆಯುತ್ತಿದ್ದರೆ, ವೆಚ್ಚ ನಿಯಂತ್ರಣದೊಂದಿಗೆ ಸಾಕಷ್ಟು ರಭಸದಿಂದ ಏರುತ್ತಿಲ್ಲ ಎಂದುಕೊಳ್ಳುತ್ತೇನೆ.

ಹಲ್ಲುಗಳಿಗೆ ಮದ್ದು ಎರಡು. ಮೊದಲನೆಯದು ಎಲ್. ಸಿ. ಯಂಗ್ 1937ರಲ್ಲಿ ತೋರಿಸಿದ್ದು: ಹಲ್ಲುಗಳನ್ನು ಒಪ್ಪಿಕೊಂಡು, 'ಅರ್ಧ ಪಾಲು +1, ಅರ್ಧ ಪಾಲು −1' ಎಂಬುದನ್ನೇ ಒಂದು ನಿಯಂತ್ರಣವೆಂದು ಪರಿಗಣಿಸುವುದು. ವೆಚ್ಚದ ಗುಡ್ಡವನ್ನು ಮೇಲಿನಿಂದ ತಟ್ಟಿ ಸಮಮಾಡಿದ ಹಾಗೆ ಆಗುತ್ತದೆ, ನಮ್ಮ ಸಮಸ್ಯೆಗೆ ಸೊನ್ನೆ ವೆಚ್ಚದ ಉತ್ತರ ಸಿಗುತ್ತದೆ. ವಿದ್ಯುತ್ ಪರಿವರ್ತಕಗಳಲ್ಲಿ ಸ್ವಿಚ್ ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚಿ ನಡುವಿನ ವೋಲ್ಟೇಜನ್ನು ಹುಟ್ಟಿಸುವುದು ಇದೇ ತರ್ಕದಿಂದ. ಆದರೆ ಪ್ರತಿ ಬದಲಾವಣೆಯಲ್ಲೂ ಸ್ವಿಚ್ ಬಿಸಿಯಾಗುತ್ತದೆ. ಹಾಗಾಗಿ ಎರಡನೆಯ ಮದ್ದು: ಬದಲಾವಣೆಗೂ ಬೆಲೆ ಕಟ್ಟುವುದು. ನಿಯಂತ್ರಣದ ಒಟ್ಟು ಏರಿಳಿತವನ್ನು ವೆಚ್ಚಕ್ಕೆ ಸೇರಿಸಿದರೆ ಹೆಲ್ಲಿ ಪ್ರಮೇಯ ಬಲವಾಗಿ ಅಭಿಸರಿಸುವ ಉಪಶ್ರೇಢಿಯನ್ನೇ ಕೊಡುತ್ತದೆ, ಪೀನತೆಯ ಹಂಗು ತಪ್ಪುತ್ತದೆ. ಸ್ವಿಚ್ಚಿಗೆ ನಿಜಕ್ಕೂ ಅಂಥ ವೆಚ್ಚ ಇದ್ದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಚಿತ್ರ ನುಣುಪಾಗಿ ಕಾಣಲಿ ಎಂದಷ್ಟೇ ಸೇರಿಸುವುದು ನನಗೆ ಹಿಡಿಸದು.

ಇಷ್ಟೆಲ್ಲ ಸರಿಯಿದ್ದೂ ಗ್ರಿಡ್ ಮೋಸಹೋಗುವ ಸಂದರ್ಭವೊಂದಿದೆ. ಅರೆ-ನಿರಂತರತೆ ಕೆಳಗಿನ ಬೇಲಿಯನ್ನು ಮಾತ್ರ ಕಾಯುತ್ತದೆ. ಅತ್ಯುತ್ತಮ ದಾರಿಯನ್ನು ನಮ್ಮ ಸಾಧಾರಣ ಮುರಿದ ರೇಖೆಗಳು ಅಷ್ಟೇ ಅಗ್ಗವಾಗಿ ಸಮೀಪಿಸುತ್ತವೆ ಎಂದು ಅದು ಎಲ್ಲೂ ಹೇಳಿಲ್ಲ. 1926ರಲ್ಲಿ ಲಾವ್ರೆಂಟಿಯೆವ್ ಈ ಕಂದಕವನ್ನು ಕಂಡರು, 1934ರಲ್ಲಿ ಮಾನಿಯಾ ಸರಳ ಉದಾಹರಣೆ ಕೊಟ್ಟರು: ಸ್ಥಿತಿಯ ಘನದಿಂದ ಕಾಲವನ್ನು ಕಳೆದು, ಅದರ ವರ್ಗವನ್ನು ವೇಗದ ಆರನೆಯ ಘಾತದಿಂದ ಗುಣಿಸಿದ್ದು ವೆಚ್ಚ, ಸ್ಥಿತಿ 0ಯಿಂದ 1ಕ್ಕೆ ಹೋಗಬೇಕು. ಕಾಲದ ಘನಮೂಲವೇ ಉತ್ತರ, ವೆಚ್ಚ ಸೊನ್ನೆ. ವೇಗ ಮಿತಿಯೊಳಗಿರುವ ಯಾವ ದಾರಿಯ ವೆಚ್ಚವೂ ಒಂದು ನಿಶ್ಚಿತ ಧನ ಸಂಖ್ಯೆಗಿಂತ ಕೆಳಗೆ ಇಳಿಯುವುದಿಲ್ಲ. ಗ್ರಿಡ್ ಬಿಂದುಗಳಲ್ಲಿ ಸರಿಯುತ್ತರವನ್ನೇ ತುಂಬಿ ನಡುವೆ ನೇರ ರೇಖೆ ಎಳೆದು ನೋಡಿ. ಮೊದಲ ತುಂಡೊಂದರ ವೆಚ್ಚವೇ 8ನ್ನು, ಹೆಜ್ಜೆಯ 105 ಪಟ್ಟಿನಿಂದ ಭಾಗಿಸಿದಷ್ಟು. ಹೆಜ್ಜೆ 0.01 ಇದ್ದರೆ 7.6, 0.001 ಇದ್ದರೆ 76. ಗ್ರಿಡ್ ಸಣ್ಣದಾದಷ್ಟೂ ಸರಿಯುತ್ತರ ದುಬಾರಿಯಾಗುತ್ತ ಹೋಗುತ್ತದೆ, ಸಾಲ್ವರ್ ಅದನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ನಿಯಂತ್ರಣಕ್ಕೆ ಮೊದಲೇ ಮಿತಿ ಹಾಕಿದ ಸಮಸ್ಯೆಗಳಲ್ಲಿ ಈ ಕಾಟವಿಲ್ಲ, ಅಲ್ಲಿ ಕಡಿದಾದ ದಾರಿಗಳಿಗೆ ಪ್ರವೇಶವೇ ಇಲ್ಲವಲ್ಲ. ಮಿತಿಯಿಲ್ಲದ ಸಮಸ್ಯೆ ಬಂದಾಗ ನಾನು ಎರಡು ಗ್ರಿಡ್‌ಗಳ ವೆಚ್ಚವನ್ನು ಹೋಲಿಸಿ ಸುಮ್ಮನಾಗುವುದಿಲ್ಲ, ಕಾಲದ ಅಕ್ಷವನ್ನೇ ಹಿಗ್ಗಿಸಿ ಕುಗ್ಗಿಸುವ ಬೇರೊಂದು ಚರಾಕ್ಷರದಲ್ಲಿ ಅದೇ ಸಮಸ್ಯೆಯನ್ನು ಮತ್ತೆ ಬರೆದು ಬಿಡಿಸಿ ನೋಡುತ್ತೇನೆ.