ಕರಿಬೇವಿನ ಗಿಡದಲ್ಲಿ ಸೂರ್ಯನ ಕುದುರೆ

ಬೆಳಿಗ್ಗೆ ಒಗ್ಗರಣೆಗೆ ಕರಿಬೇವು ಕೀಳಲು ಹೋದರೆ, ಒಂದು ಎಲೆ ತಲೆ ತಿರುಗಿಸಿ ನನ್ನನ್ನೇ ನೋಡಿತು. ಸೂರ್ಯನ ಕುದುರೆ, ಅಂದರೆ ಪ್ರೇಯಿಂಗ್ ಮ್ಯಾಂಟಿಸ್ ಅನ್ನೋ ಕೀಟ! ಹತ್ತು ಫೋಟೊ ತೆಗೆದೆ. ಹತ್ತೂ ಮೇಲಿನಿಂದಲೇ.

ಆಮೇಲೆ ಯಾವ ಜಾತಿ ಅಂತ ಹುಡುಕಲು ಕೂತೆ. ಬಣ್ಣ ನೋಡಿದರೆ ಸಾಕು ಅಂದುಕೊಂಡಿದ್ದೆ. ಆದರೆ ಒಂದೇ ಜಾತಿಯಲ್ಲಿ ಹಸಿರೂ ಇರುತ್ತದೆ, ಕಂದೂ ಇರುತ್ತದೆ. ಪ್ರಪಂಚದಲ್ಲಿ ಸುಮಾರು 2,400 ಜಾತಿಗಳಿವೆಯಂತೆ. ಪಿಟೀಲು ಮ್ಯಾಂಟಿಸ್ ಆಗಿದ್ದರೆ ಸುಲಭ. ಕಡ್ಡಿಯಂಥ ಉದ್ದ ಕುತ್ತಿಗೆ, ಕಾಲಿಗೆ ಒಣಗಿದ ಎಲೆ ಅಂಟಿಸಿದ ಹಾಗಿರುತ್ತದೆ. ಹಿತ್ತಲಿನ ಈ ದೊಡ್ಡ ಹಸಿರು ಜಾತಿಗಳದ್ದೇ ಕಷ್ಟ. ರೆಕ್ಕೆಯ ಅಂಚಿನ ಹತ್ತಿರ ಬಿಳಿ ಚುಕ್ಕೆ ಕಂಡರೆ ಹೈರೋಡುಲಾ ಅನ್ನೋ ಕುಲದ್ದು ಇರಬಹುದು. ಇನ್ನೂ ಗಟ್ಟಿಯಾಗಿ ಹೇಳಬೇಕಾದರೆ ಮಡಚಿಟ್ಟ ಮುಂಗಾಲಿನ ಒಳಬದಿ ಕಾಣಬೇಕು. ಮಚ್ಚೆ, ಗುಳ್ಳೆ, ಮುಳ್ಳು ಎಲ್ಲ ಅಲ್ಲೇ ಇರೋದು. ನನ್ನ ಹತ್ತು ಫೋಟೊದಲ್ಲಿ ಅದೊಂದೇ ಇರಲಿಲ್ಲ.

ಸಂಜೆ ಮತ್ತೆ ಹೋದೆ. ಅದೇ ಕೊಂಬೆಯಲ್ಲಿತ್ತು, ಪುಣ್ಯ. ನೆಲದ ಮೇಲೆ ಕೂತು ಕೆಳಗಿನಿಂದ ಮೊಬೈಲ್ ಹಿಡಿದೆ. ಅದು ಮುಂಗಾಲನ್ನು ಬಾಯಿಗೆ ತಂದು, ಬೆಕ್ಕಿನ ಹಾಗೆ ನಿಧಾನವಾಗಿ ಶುಚಿ ಮಾಡಿಕೊಳ್ಳುತ್ತಿತ್ತು. ಕಾಲಿನ ಬುಡದ ಒಳಬದಿಯಲ್ಲಿ ಸಾಸಿವೆಯಷ್ಟೂ ಇಲ್ಲದ ಹಳದಿ ಗುಳ್ಳೆಗಳು ಸಾಲಾಗಿ ಕಂಡವು. ಎಷ್ಟು ಚೆಂದ!

ಇದೇ ಗಿಡದಿಂದ ದಿನಾ ಸೊಪ್ಪು ಕೀಳುತ್ತೇನೆ. ಇಷ್ಟು ಹತ್ತಿರದಿಂದ ಯಾವತ್ತೂ ನೋಡಿರಲೇ ಇಲ್ಲ ಅಲ್ವಾ ಅನಿಸಿತು.

ನಾಳೆ ಸಾರಿಗೆ ಬೇರೆ ಕೊಂಬೆಯ ಸೊಪ್ಪು.