ಕಾಶ್ಮೀರದ ಸರೋವರಗಳ ದಾರಿಯಲ್ಲಿ ನಾವಿಬ್ಬರು: ಹೊರಡುವವರಿಗೆ ಒಂದಿಷ್ಟು ಮಾತು

ಸೋನಮಾರ್ಗದಿಂದ ನಾರಾನಾಗ್‌ವರೆಗಿನ ಚಾರಣಕ್ಕೆ ‘ಕಾಶ್ಮೀರ್ ಗ್ರೇಟ್ ಲೇಕ್ಸ್’ ಎಂಬ ಹೆಸರು ಗಟ್ಟಿಯಾಗಿ ನಿಂತಿದೆ. ಸುಮಾರು 70 ಕಿ.ಮೀ. ದಾರಿ, ದಾಟಬೇಕಾದ ಮೂರು ಪಾಸ್‌ಗಳು (ಬೆಟ್ಟಸಾಲನ್ನು ದಾಟುವ ಎತ್ತರದ ಹಾದಿಗಳು), ನಡುನಡುವೆ ಸರೋವರಗಳು. ಆರೇಳು ದಿನದಲ್ಲಿ ಮುಗಿಸುವುದು ರೂಢಿ. ಹೋಗುವವರಿಗೆ ನಾನು ಮುಖ್ಯವಾಗಿ ಹೇಳುವುದಿಷ್ಟು: ಒಂದು ದಿನವಾದರೂ ಹೆಚ್ಚಿಗೆ ಇಟ್ಟುಕೊಳ್ಳಿ. ದಿನವಿಡೀ ಏರಿ ಇಳಿದು, ಉಂಡು ಮಲಗಿ, ಬೆಳಗಾಗುತ್ತಲೇ ಗಂಟುಮೂಟೆ ಕಟ್ಟಿದರೆ ನೀರಿನ ಪಕ್ಕ ಕೂರಲು ಹೊತ್ತೇ ಸಿಗುವುದಿಲ್ಲ. ಗಂಡ ಹೆಂಡತಿ ಇಬ್ಬರೇ ಹೋಗುವುದರ ದೊಡ್ಡ ಲಾಭವೂ ಅದೇ. ಇಷ್ಟು ಹೊತ್ತಿಗೆ ಏಳಿ, ಇಷ್ಟು ಹೊತ್ತಿಗೆ ತಲುಪಿ ಎಂದು ಬೆನ್ನಟ್ಟುವವರು ಯಾರೂ ಇರುವುದಿಲ್ಲ.

ಹೋಗುವ ಕಾಲ ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ನಮ್ಮಲ್ಲಿ ಮಳೆ ಸುರಿಯುವ ತಿಂಗಳುಗಳಲ್ಲಿ ಹಿಮಾಲಯಕ್ಕೆ ಹೋಗುವುದೇ ಎಂದು ಮನೆಯಲ್ಲಿ ಕೇಳಿದರು. ಪೀರ್ ಪಂಜಾಲ್ ಬೆಟ್ಟಸಾಲು ಮುಂಗಾರನ್ನು ತಡೆಯುವುದರಿಂದ ಕಾಶ್ಮೀರ ಕಣಿವೆಯಲ್ಲಿ ಆಗ ಮಳೆ ಕಡಿಮೆ. ಹಾಗೆಂದು ಮಳೆಯೇ ಬರುವುದಿಲ್ಲ ಅಂದುಕೊಳ್ಳಬೇಡಿ. ರೇನ್‌ಕೋಟ್ ಚೀಲದ ಮೇಲ್ಗಡೆಯೇ ಇರಲಿ. ಜುಲೈ ಮೊದಲಲ್ಲಿ ಪಾಸ್‌ಗಳ ಮೇಲೆ ಹಿಮ ಉಳಿದಿರುತ್ತದೆ, ಆಗಸ್ಟ್‌ನಲ್ಲಿ ಹೂವು ತುಂಬಿರುತ್ತದೆ, ಸೆಪ್ಟೆಂಬರ್‌ನಲ್ಲಿ ಹುಲ್ಲು ಹೊಂಬಣ್ಣಕ್ಕೆ ತಿರುಗಿ ರಾತ್ರಿಯ ಚಳಿ ಮೂಳೆಗಿಳಿಯುತ್ತದೆ. ನನ್ನ ಆಯ್ಕೆ ಆಗಸ್ಟ್. ಆದರೆ ಅಮರನಾಥ ಯಾತ್ರೆಯ ದಿನಗಳಲ್ಲಿ ಶ್ರೀನಗರ–ಸೋನಮಾರ್ಗ ರಸ್ತೆಯಲ್ಲಿ ವಾಹನಗಳಿಗೆ ಕಟ್ಟುಪಾಡು ಇರುತ್ತದೆ. 80 ಕಿ.ಮೀ. ತಾನೇ ಎಂದು ಮಧ್ಯಾಹ್ನ ಹೊರಡದೆ ಬೆಳಗ್ಗೆಯೇ ಹೊರಟುಬಿಡಿ.

ಇದು ಗಡಿಗೆ ಹತ್ತಿರದ ಪ್ರದೇಶ. ಭದ್ರತೆಯ ಕಾರಣಕ್ಕೆ ಚಾರಣದ ದಾರಿಯನ್ನೇ ಮುಚ್ಚುವುದುಂಟು. ವಿಮಾನದ ಟಿಕೆಟ್ ಮಾಡುವ ಮೊದಲು ಈ ಸಲ ದಾರಿ ತೆರೆದಿದೆಯೇ, ಯಾವ ಅನುಮತಿ ಬೇಕು ಎಂದು ವಿಚಾರಿಸಿ. ದಾರಿಯಲ್ಲಿ ಸೇನೆಯವರು ಗುರುತಿನ ಚೀಟಿ ನೋಡುತ್ತಾರೆ, ಹೆಸರು ಬರೆದುಕೊಳ್ಳುತ್ತಾರೆ. ಮೂಲ ಆಧಾರ್ ಕಾರ್ಡ್, ಜೊತೆಗೆ ಜೆರಾಕ್ಸ್ ಪ್ರತಿಗಳು ಇಬ್ಬರ ಬಳಿಯೂ ಬೇರೆಬೇರೆಯಾಗಿ ಇರಲಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದಿದ್ದರೂ ಸೋನಮಾರ್ಗ ಬಿಟ್ಟ ಮೇಲೆ ಸಿಗ್ನಲ್ ನಂಬಿಕೊಳ್ಳುವಂತಿಲ್ಲ. ಇಷ್ಟು ದಿನ ಫೋನ್ ಬರುವುದಿಲ್ಲ ಎಂದು ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅಲ್ಲಿ ಅವರಿಗೆ ನಿದ್ದೆ ಇರುವುದಿಲ್ಲ.

ಇಬ್ಬರೇ ಎಂದರೆ ದಾರಿ ತೋರಿಸುವವರೂ ಇಲ್ಲದೆ ಎಂದಲ್ಲ. ಮಂಜು ಕವಿದರೆ ಈ ಹುಲ್ಲುಗಾವಲುಗಳಲ್ಲಿ ಕುರಿದಾರಿ ಯಾವುದು, ಜನ ನಡೆಯುವ ದಾರಿ ಯಾವುದು ತಿಳಿಯುವುದಿಲ್ಲ. ನಾವು ಸೋನಮಾರ್ಗದಿಂದ ಒಬ್ಬ ಸ್ಥಳೀಯ ಗೈಡ್, ಒಂದು ಕುದುರೆ ಮಾಡಿಕೊಂಡೆವು. ಟೆಂಟು, ಸ್ಟವ್, ಅಕ್ಕಿ ಬೇಳೆ ಕುದುರೆಯ ಮೇಲೆ. ಬಟ್ಟೆ, ಸ್ಲೀಪಿಂಗ್ ಬ್ಯಾಗ್, ನೀರು, ಮಧ್ಯಾಹ್ನದ ಬುತ್ತಿ ನಮ್ಮ ಬೆನ್ನ ಮೇಲೆ. ಕುದುರೆ ನಾರಾನಾಗ್‌ನಿಂದ ವಾಪಸು ಹೋಗುವ ದಿನಗಳ ಕೂಲಿಯೂ ಸೇರಿತೇ ಎಂದು ಮೊದಲೇ ಮಾತಾಡಿಕೊಳ್ಳಿ. ನಗದು ಶ್ರೀನಗರದಲ್ಲೇ ತೆಗೆದಿಟ್ಟುಕೊಳ್ಳಿ. ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ಒಯ್ಯುವಂತಿಲ್ಲ, ಅದನ್ನೂ ಅಲ್ಲೇ ಹುಡುಕಬೇಕು.

ಸೋನಮಾರ್ಗವೇ 2,700 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿ 1,930. ಅಲ್ಲಿ ಒಂದು ರಾತ್ರಿ ಕಳೆಯದೆ ಮುಂದೆ ಹೋಗಬೇಡಿ. ಎತ್ತರದಲ್ಲಿ ಬರುವ ಕಾಯಿಲೆ ತಡೆಯಲು ಕೊಡುವ ಡಯಮಾಕ್ಸ್ ಮಾತ್ರೆಯ ವಿಷಯ ನಿಮ್ಮ ವೈದ್ಯರ ಹತ್ತಿರ ಮಾತಾಡಿ. ತಲೆನೋವಿನ ಜೊತೆ ವಾಂತಿ ಬಂದರೆ, ನಡಿಗೆ ತೂರಾಡಿದರೆ ಕೆಳಗಿಳಿಯುವುದೊಂದೇ ಮದ್ದು. ಜೋಡಿಯಾಗಿ ಹೋದವರು ಒಬ್ಬರನ್ನೊಬ್ಬರು ಗಮನಿಸುತ್ತಿರಬೇಕು. ಏನಾಗಿಲ್ಲ, ನಡಿ ಎನ್ನುವವರೇ ಹೆಚ್ಚು.

ಇವರ, ಅಂದರೆ ನನ್ನ ಗಂಡನ, ನಡಿಗೆ ಬಿರುಸು, ನನ್ನದು ನಿಧಾನ. ಏರಿನಲ್ಲಿ ನಿಧಾನದವರನ್ನು ಮುಂದೆ ಬಿಡಿ. ಹಿಂದೆ ಇದ್ದರೆ ಮುಂದಿನವರನ್ನು ಹಿಡಿಯುವ ಆತುರದಲ್ಲಿ ಉಸಿರು ಕಟ್ಟುತ್ತದೆ. ಮುಂದಿನವರು ದಣಿವಾರಿಸಿಕೊಂಡು ಎದ್ದು ಹೊರಡುವ ಹೊತ್ತಿಗೆ ನಾವು ತಲುಪಿರುತ್ತೇವೆ, ನಮಗೆ ಕೂರಲು ಸಮಯವೇ ಇಲ್ಲ. ನಿಚ್ನೈ ಪಾಸ್‌ನ ಏರನ್ನು ನಾನು ಮುಂದೆ, ಇವರು ಹಿಂದೆ ಎಂದೇ ಹತ್ತಿದೆವು. ಒಂದು ಜಗಳವೂ ಆಗಲಿಲ್ಲ.

ಮೊದಲ ದಿನ ಭೂರ್ಜ ಮರಗಳ ಕಾಡು ದಾಟಿ ನಿಚ್ನೈ ಕಣಿವೆ. ಮರುದಿನ 4,000 ಮೀಟರ್ ದಾಟುವ ನಿಚ್ನೈ ಪಾಸ್, ಆಮೇಲೆ ಹಸಿರು ಬಯಲಿನಲ್ಲಿ ಉದ್ದನೆಯ ಇಳಿಜಾರು. ವಿಷನ್‌ಸರ್ ಬಿಡಾರದಿಂದ ಸರೋವರ ಕಾಣುವುದಿಲ್ಲ. ಒಂದು ದಿಣ್ಣೆಯ ಮರೆಯಲ್ಲಿದೆ. ದಣಿವೆಂದು ಟೆಂಟಿನಲ್ಲಿ ಬಿದ್ದುಕೊಳ್ಳದೆ ಸಂಜೆ ಒಮ್ಮೆ, ಬೆಳಗ್ಗೆ ಒಮ್ಮೆ ಆ ದಿಣ್ಣೆ ಹತ್ತಿ. ಗಾಳಿ ಏಳುವ ಮೊದಲು ನೀರು ಅಲುಗಾಡದೆ ಇರುತ್ತದೆ, ದಡದ ಹತ್ತಿರ ಟ್ರೌಟ್ ಮೀನು ಓಡಾಡುವುದು ತಳದ ಕಲ್ಲಿನ ಮೇಲೆ ನೆರಳು ಸಮೇತ ಕಾಣುತ್ತದೆ. ಹೆಚ್ಚಿನ ಒಂದು ದಿನವನ್ನು ನಾವು ಇಲ್ಲಿಯೇ ಕಳೆದೆವು. ಮೇಲಿನ ಕಿಷನ್‌ಸರ್ ನೀರು ವಿಷನ್‌ಸರ್‌ಗೆ ಇಳಿದು, ಅಲ್ಲಿಂದ ಕಿಷನ್‌ಗಂಗಾ ನದಿಯಾಗಿ ಹರಿಯುತ್ತದೆ. ಎರಡು ಸರೋವರಗಳ ನಡುವಿನ ಆ ತೊರೆಯ ಗುಂಟ ನಿಧಾನವಾಗಿ ಮೇಲಕ್ಕೆ ನಡೆದು, ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ, ಮಾತಾಡುತ್ತ ಕೂತ ಆ ಹೊತ್ತಿಗಾಗಿಯೇ ಮತ್ತೆ ಹೋಗುವ ಆಸೆ ನನಗೆ.

ಗಡ್ಸರ್ ಪಾಸ್ ಸುಮಾರು 4,200 ಮೀಟರ್, ಇಡೀ ದಾರಿಯಲ್ಲಿ ಅತಿ ಎತ್ತರ. ಕಡಿದಾದ ಏರು, ಕಾಲಿಟ್ಟಲ್ಲಿ ಜಾರುವ ಸಣ್ಣ ಕಲ್ಲು. ಹತ್ತು ಹೆಜ್ಜೆ, ಮೂರು ಉಸಿರು ಎಂಬ ಲೆಕ್ಕದಲ್ಲಿ ಹತ್ತಿ. ತುದಿಯಿಂದ ಹಿಂತಿರುಗಿ ನೋಡಿದರೆ ಎರಡೂ ಸರೋವರಗಳು ಒಟ್ಟಿಗೆ ಕಾಣುತ್ತವೆ. ಮೋಡ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಕಟ್ಟುವುದರಿಂದ ಬೆಳಗ್ಗೆ ಬೇಗ ಹೊರಟು ಆ ಹೊತ್ತಿಗೆ ಕೆಳಗಿಳಿದಿರಬೇಕು. ಆಚೆ ಕಡೆಯ ಇಳಿಜಾರೆಲ್ಲ ಹೂವು. ಗಡ್ಸರ್ ಸರೋವರ ದಾಟಿದ ಮೇಲೆ ಸೇನೆಯ ತಪಾಸಣೆ. ಅವರ ಶಿಬಿರದ ಫೋಟೋ ತೆಗೆಯಬೇಡಿ.

ಆ ಭಾಗದಲ್ಲಿ ಬಕರ್ವಾಲರ ಕಲ್ಲು ಮಣ್ಣಿನ ಗುಡಿಸಲುಗಳಿವೆ. ಬೇಸಿಗೆಗೆ ಕುರಿ ಮೇಕೆ ಹೊಡೆದುಕೊಂಡು ಮೇಲೆ ಬಂದು, ಚಳಿ ಶುರುವಾಗುವ ಮೊದಲು ಕೆಳಗಿಳಿಯುವ ಜನ. ಮಳೆ ಬಂದಾಗ ಒಬ್ಬ ತಾಯಿ ನಮ್ಮನ್ನು ಒಳಗೆ ಕರೆದು ಉಪ್ಪಿನ ಚಹಾ, ಮೆಕ್ಕೆಜೋಳದ ರೊಟ್ಟಿ ಕೊಟ್ಟರು. ಒಲೆಯ ಪಕ್ಕ ನನ್ನ ಒದ್ದೆ ಕಾಲ್ಚೀಲವನ್ನು ತಾವೇ ತೆಗೆದು ಹರವಿದರು. ದುಡ್ಡು ಕೊಡಲು ಹೋದರೆ ಕೈ ತಳ್ಳಿದರು. ನಮ್ಮಲ್ಲಿದ್ದ ಸಕ್ಕರೆ, ಜ್ವರದ ಮಾತ್ರೆ ಇಸಿದುಕೊಂಡರು. ಅವರ ನಾಯಿಗಳು ಮಂದೆ ಕಾಯುವ ನಾಯಿಗಳು. ಗುಡಿಸಲ ಹತ್ತಿರ ಹೋಗುವಾಗ ದೂರದಿಂದಲೇ ಕೂಗಿ, ಯಾರಾದರೂ ಹೊರಬರುವವರೆಗೆ ನಿಲ್ಲಿ.

ಸತ್ಸರ್ ಎಂದರೆ ಏಳು ಸರೋವರ, ಬೇಸಿಗೆ ಕಳೆದಂತೆ ಕೆಲವು ಬತ್ತಿರುತ್ತವೆ. ಅದರ ಮುಂದಿನ ಬಂಡೆಗಳ ಹಾದಿಯಲ್ಲಿ ಮಾತ್ರ ಎಚ್ಚರ. ಬಂಡೆಯಿಂದ ಬಂಡೆಗೆ ಕಾಲಿಡುತ್ತ ಹೋಗಬೇಕು, ಒದ್ದೆಯಾಗಿದ್ದರೆ ಜಾರುತ್ತದೆ. ನಾವು ಬಿಸಿಲು ಬಿದ್ದು ಕಲ್ಲು ಒಣಗುವವರೆಗೆ ಕಾದು ಹೊರಟೆವು. ಕಣಕಾಲು ಮುಚ್ಚುವ ಶೂ, ಆಳಿಗೊಂದು ಟ್ರೆಕ್ಕಿಂಗ್ ಪೋಲ್ ಇಲ್ಲಿ ಬೇಕೇ ಬೇಕು. ಹೊಸ ಶೂ ಆದರೆ ಮನೆಯಲ್ಲೇ ಕೆಲವು ವಾರ ಹಾಕಿ ನಡೆದು ಪಳಗಿಸಿ.

ಝಜ್ ಪಾಸ್ ಹತ್ತಿದರೆ ಹರ್ಮುಖ್ ಪರ್ವತ ಎದುರಿಗೇ ನಿಲ್ಲುತ್ತದೆ, ಬುಡದಲ್ಲಿ ಗಂಗಬಲ್ ಮತ್ತು ನಂದ್‌ಕೋಲ್ ಸರೋವರಗಳು. 5,142 ಮೀಟರ್ ಎತ್ತರದ ಈ ಹರ್ಮುಖ್‌ನ ಮೇಲಿನಿಂದಲೇ 1856ರಲ್ಲಿ ಬ್ರಿಟಿಷರ ಕಾಲದ ಭೂಮಾಪನ ಸರ್ವೆಯ ಅಧಿಕಾರಿ ಮಾಂಟ್‌ಗೊಮರಿ ದೂರದ ಕಾರಕೋರಂ ಶಿಖರಗಳನ್ನು ಕಂಡು ಕೆ1, ಕೆ2 ಎಂದು ಗುರುತು ಹಾಕಿದ್ದು. ಗಂಗಬಲ್ ಕಾಶ್ಮೀರಿ ಪಂಡಿತರಿಗೆ ತೀರ್ಥ. ದಡದಲ್ಲಿ ಸೋಪು ಹಚ್ಚುವುದು, ಪಾತ್ರೆ ತೊಳೆಯುವುದು ಬೇಡವೇ ಬೇಡ. ಶೌಚಕ್ಕೆ ನೀರಿನಿಂದ 60 ಮೀಟರಿಗಿಂತ ದೂರ ಹೋಗಿ, ಗೇಣುದ್ದ ಗುಂಡಿ ತೋಡಿ ಮುಚ್ಚಿ. ಪ್ಯಾಡ್, ಪ್ಲಾಸ್ಟಿಕ್ ಒಂದನ್ನೂ ಅಲ್ಲಿ ಬಿಡದೆ ಗಟ್ಟಿ ಚೀಲದಲ್ಲಿ ಕಟ್ಟಿ ವಾಪಸು ತನ್ನಿ. ಗುಂಪುಗಳು ಬಿಟ್ಟುಹೋದ ಬಿಸ್ಕತ್ ಪೊಟ್ಟಣ ಆ ನೀರಿನಲ್ಲಿ ತೇಲುವುದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

ಕೊನೆಯ ದಿನದ ಇಳಿತವನ್ನು ಹಗುರವಾಗಿ ಎಣಿಸಬೇಡಿ. ಗಂಗಬಲ್‌ನಿಂದ ನಾರಾನಾಗ್‌ಗೆ 1,200 ಮೀಟರಿಗೂ ಹೆಚ್ಚು ಇಳಿಯಬೇಕು, ಪೈನ್ ಕಾಡಿನೊಳಗಿನ ಕೊನೆಯ ಭಾಗ ಬಲು ಕಡಿದು. ಮಂಡಿ ನೋವಿದ್ದವರು ನೀ ಕ್ಯಾಪ್ ತರಲಿ, ಉಗುರು ಕತ್ತರಿಸಿಕೊಂಡಿರಲಿ. ನಾರಾನಾಗ್‌ನಲ್ಲಿ 8ನೇ ಶತಮಾನದ, ಕಾಶ್ಮೀರದ ರಾಜ ಲಲಿತಾದಿತ್ಯನ ಕಾಲದ ಕಲ್ಲಿನ ದೇಗುಲಗಳ ಅವಶೇಷವಿದೆ. ಗಾಡಿ ಹತ್ತುವ ಮೊದಲು ನೋಡಿಕೊಂಡು ಬನ್ನಿ. ಅಂದೇ ರಾತ್ರಿಯ ವಿಮಾನ ಹಿಡಿಯುವ ಯೋಚನೆ ಬೇಡ. ಮರುದಿನ ಹೊರಡಿ, ಶ್ರೀನಗರ ನಿಲ್ದಾಣದಲ್ಲಿ ತಪಾಸಣೆ ಹಲವು ಹಂತ ಇರುವುದರಿಂದ ಮೂರು ತಾಸು ಮುಂಚೆ ಅಲ್ಲಿರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ.