ಬಂದವರ ಲೆಕ್ಕ ಸಿಗುತ್ತೆ, ಹೋದವರದು?

2024ರ ಜೂನ್ 25ರಂದು ಜರ್ಮನಿಯ ಜನಸಂಖ್ಯೆ ಒಂದೇ ಏಟಿಗೆ ಸುಮಾರು 14 ಲಕ್ಷ ಕಡಿಮೆಯಾಯಿತು. ಅಂದು ಯಾವ ಅನಾಹುತವೂ ಆಗಿರಲಿಲ್ಲ. 2022ರ ಮೇ 15ರ ಲೆಕ್ಕಕ್ಕೆ ನಡೆಸಿದ ಜನಗಣತಿಯ ಫಲಿತಾಂಶ ಹೊರಬಿತ್ತು, ಅಷ್ಟೆ. ಸರ್ಕಾರ ಅಲ್ಲಿಯವರೆಗೆ ಹೇಳಿಕೊಂಡು ಬಂದಿದ್ದು ಸುಮಾರು 8 ಕೋಟಿ 41 ಲಕ್ಷ. ಗಣತಿಯಲ್ಲಿ ಸಿಕ್ಕಿದ್ದು 8 ಕೋಟಿ 27 ಲಕ್ಷ. ಸಿಗದೇ ಹೋದವರಲ್ಲಿ ಹತ್ತಿರ ಹತ್ತು ಲಕ್ಷ ಜನ ವಿದೇಶಿಯರು, ಅಂದರೆ ನಮ್ಮಂಥವರು.

ನಾನು ಇಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಯುರೋಪಿನ ಒಂದೊಂದು ದೇಶವೂ ಕೊಡುವ ಜನಸಂಖ್ಯೆಯ ಅಂಕಿಗಳನ್ನು ತಂದು, ಒಂದಕ್ಕೊಂದು ಹೋಲಿಸಬಹುದಾದ ಹಾಗೆ ಸರಿಮಾಡಿ, ಔಷಧ ಕಂಪನಿಗಳಿಗೆ, ಅಂಗಡಿ ಸರಣಿಗಳಿಗೆ ಕೊಡೋದು ನಮ್ಮ ಕೆಲಸ. ಫಲಿತಾಂಶ ಬಂದ ವಾರ ಆಫೀಸಿನಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದೆವು. ಹಳೆಯ ಕೋಷ್ಟಕಗಳನ್ನೆಲ್ಲ ಮತ್ತೆ ಮಾಡಬೇಕಿತ್ತು.

ಅರಸೀಕೆರೆಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದರೆ ಅವಳಿಗೆ ನಗು. ಅಮ್ಮ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವಳು. 2011ರ ಜನಗಣತಿಯಲ್ಲಿ ಮನೆಮನೆ ಸುತ್ತಿದ್ದಾಳೆ. ಫೆಬ್ರವರಿ 28ರ ರಾತ್ರಿ ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿದವರನ್ನೂ ಬರೆದುಕೊಂಡು ಬಂದವಳು. "ಅಷ್ಟೊಂದು ಕಂಪ್ಯೂಟರ್ ಇಟ್ಕೊಂಡು ಊರಲ್ಲಿ ಯಾರಿದ್ದಾರೆ ಅಂತ ಗೊತ್ತಿಲ್ವಾ? ಮನೆಮನೆಗೆ ಹೋಗೋಕೆ ಅವರಿಗೇನು ದಾಡಿ?" ಅಂದಳು.

ದಾಡಿ ಏನೂ ಇಲ್ಲ. ಇಲ್ಲಿಯ ದಾರಿಯೇ ಬೇರೆ. ಜರ್ಮನಿಯಲ್ಲಿ ಹೊಸ ಮನೆಗೆ ಹೋದ ಎರಡು ವಾರದೊಳಗೆ ನಗರಪಾಲಿಕೆಯ ಕಚೇರಿಗೆ ಹೋಗಿ ಹೆಸರು ಬರೆಸಬೇಕು. ಇದಕ್ಕೆ ಅನ್‌ಮೆಲ್ಡುಂಗ್ ಅಂತಾರೆ. ಎರಡು ಗಣತಿಗಳ ನಡುವೆ ಯಾರು ಬಂದರು, ಯಾರು ಹೋದರು ಅನ್ನೋ ಲೆಕ್ಕ ಸರ್ಕಾರಕ್ಕೆ ಸಿಗೋದು ಈ ಪಟ್ಟಿಯಿಂದಲೇ. ಇಲ್ಲಿಗೆ ಬಂದ ಯಾವ ಭಾರತೀಯನನ್ನು ಕೇಳಿದರೂ ಇದರ ಕಥೆ ಹೇಳುತ್ತಾನೆ. ಮನೆ ಮಾಲೀಕ ಸಹಿ ಹಾಕಿದ ಕಾಗದ ಬೇಕು. ಫಾರಂನಲ್ಲಿ ಧರ್ಮ ಯಾವುದು ಅಂತ ಒಂದು ಕಾಲಂ ಇದೆ. ಮಂಗಳೂರಿನ ಕ್ಯಾಥೊಲಿಕ್ ಹುಡುಗರು ಅಲ್ಲಿ ಸುಮ್ನೆ ನಿಜ ಬರೆದುಬಿಡುತ್ತಾರೆ. ಮೊದಲ ಸಂಬಳದ ಚೀಟಿ ಬಂದಾಗ, ಆದಾಯ ತೆರಿಗೆಯ ಮೇಲೆ ಶೇಕಡ 8 ಅಥವಾ 9ರಷ್ಟು ಚರ್ಚ್ ತೆರಿಗೆ ಹಿಡಿದಿರುವುದು ನೋಡಿ ಬೆಚ್ಚಿಬೀಳುತ್ತಾರೆ.

ಈ ಕಾಗದ ಇಲ್ಲದೆ ಬ್ಯಾಂಕ್ ಖಾತೆ ತೆಗೆಯೋದು ಕಷ್ಟ, ತೆರಿಗೆ ನಂಬರೂ ಬರೋದಿಲ್ಲ. ಹಾಗಾಗಿ ಬಂದವರು ಓಡಿಹೋಗಿ ಹೆಸರು ಬರೆಸುತ್ತಾರೆ. ಜರ್ಮನಿಯ ಒಳಗೇ ಊರು ಬದಲಿಸಿದರೂ ತೊಂದರೆ ಇಲ್ಲ. ಹೊಸ ಊರಿನಲ್ಲಿ ಬರೆಸಿದ ಕೂಡಲೇ ಹಳೆಯ ಊರಿನ ಪಟ್ಟಿಯಿಂದ ಹೆಸರು ತಾನಾಗಿ ಹೋಗುತ್ತದೆ. ಎಡವಟ್ಟಾಗೋದು ದೇಶ ಬಿಟ್ಟು ಹೋಗುವಾಗ. ಆಗ ನೀವೇ ಹೋಗಿ "ನಾನು ಹೊರಟೆ" ಅಂತ ತಿಳಿಸಬೇಕು. ತಿಳಿಸದಿದ್ದರೆ ತಕ್ಷಣಕ್ಕೆ ಯಾವ ಕೆಲಸವೂ ನಿಲ್ಲೋದಿಲ್ಲ. ಪೋಲೆಂಡಿನವನು ಕಾರು ಹತ್ತಿ ಊರಿಗೆ ಹೋದರೆ ಗಡಿಯಲ್ಲಿ ಅವನ ಹೆಸರು ಬರೆದುಕೊಳ್ಳುವವರಿಲ್ಲ. ನಮ್ಮವರ ಪಾಸ್‌ಪೋರ್ಟನ್ನು ಫ್ರಾಂಕ್‌ಫರ್ಟಿನ ವಿಮಾನ ನಿಲ್ದಾಣದಲ್ಲಿ ನೋಡುತ್ತಾರೆ ನಿಜ, ಆದರೆ ಆ ಸುದ್ದಿ ಪಾಲಿಕೆಯ ಪಟ್ಟಿಗೆ ತಲುಪೋದಿಲ್ಲ.

ಜರ್ಮನ್ ಪ್ರಜೆಗಳ ಹೆಸರು ಸ್ವಲ್ಪ ಮಟ್ಟಿಗೆ ಚುನಾವಣೆಯ ನೆಪದಲ್ಲಿ ಸರಿಯಾಗುತ್ತದೆ. ಮತದಾರರಿಗೆಲ್ಲ ಅಂಚೆಯಲ್ಲಿ ಚೀಟಿ ಹೋಗುತ್ತದೆ. ವಿಳಾಸದಲ್ಲಿ ಇಲ್ಲ ಅಂತ ವಾಪಸ್ ಬಂದರೆ ಕಚೇರಿಯವರು ವಿಚಾರಿಸಿ ಹೆಸರು ತೆಗೆಯಬಹುದು. ಮತವೇ ಇಲ್ಲದ ನಮಗೆ ಅಂಥ ಚೀಟಿ ಬರೋದಿಲ್ಲ. ಹೀಗೆ ಎಷ್ಟೋ ಜನ ಬೆಂಗಳೂರಿನಲ್ಲಿ ಸಂಸಾರ ಹೂಡಿ, ಜರ್ಮನಿಯ ಕಡತದಲ್ಲಿ ಇನ್ನೂ ಬ್ರಹ್ಮಚಾರಿಗಳಾಗಿ ಉಳಿದಿದ್ದಾರೆ!

ತಮಾಷೆಯಂತೆ ಕಂಡರೂ ಇದರ ಪರಿಣಾಮ ಚಿಕ್ಕದಲ್ಲ. ಹೇಳದೆ ಹೋದವನಿಗೆ ಕಡತದಲ್ಲಿ ವರ್ಷ ವರ್ಷ ವಯಸ್ಸಾಗುತ್ತಾ ಹೋಗುತ್ತದೆ. ಅವನು ಸತ್ತರೆ ಆ ಸುದ್ದಿ ಇಲ್ಲಿಗೆ ಬರೋದಿಲ್ಲ. 2011ರ ಗಣತಿಯ ಹಿಂದಿನ ಲೆಕ್ಕಗಳಲ್ಲಿ 90 ದಾಟಿದ ಗಂಡಸರ ಸಂಖ್ಯೆ ವಿಪರೀತ ಜಾಸ್ತಿ ಇತ್ತು. ಗಣತಿ ಆದ ಮೇಲೆ ಅದು ಇಳಿಯಿತು. ಸಾಯದ ಮುದುಕರು ಪಟ್ಟಿಯಲ್ಲಿದ್ದರೆ ಸಾವಿನ ಪ್ರಮಾಣ ಕಡಿಮೆ ಕಾಣುತ್ತದೆ, ದೇಶದ ಸರಾಸರಿ ಆಯಸ್ಸು ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಔಷಧ ಕಂಪನಿಗಳು ನಮ್ಮನ್ನು ಮೊದಲು ಕೇಳೋದು ಇದೇ ವಯಸ್ಸಿನವರ ಲೆಕ್ಕ.

2022ರಲ್ಲಿ ಇಲ್ಲೂ ಮನೆಮನೆಗೆ ಬಂದರು, ಆದರೆ ಎಲ್ಲ ಮನೆಗಲ್ಲ. ಕೆಲವು ವಿಳಾಸಗಳನ್ನು ಆಯ್ದು, ಒಟ್ಟು ಜನರಲ್ಲಿ ಸುಮಾರು ಹತ್ತರಲ್ಲಿ ಒಬ್ಬರನ್ನು ಮಾತ್ರ ಕೇಳಿದರು. ಕಡತ ಎಷ್ಟು ನಿಜ ಅಂತ ಪರೀಕ್ಷೆ ಮಾಡೋದು ಅದರ ಉದ್ದೇಶ. ನಮ್ಮ ಕಟ್ಟಡ ಆಯ್ಕೆಯಾಗಿತ್ತು. ಮೊದಲು ಅಂಚೆ ಡಬ್ಬಿಗೆ ಚೀಟಿ ಬಂತು. ಆಮೇಲೆ ಗುರುತಿನ ಕಾರ್ಡ್ ನೇತುಹಾಕಿಕೊಂಡು, ನಿವೃತ್ತಿಯಾದವರಂತೆ ಕಾಣುವ ಒಬ್ಬ ಹೆಂಗಸು ಬಂದರು. ಇಲ್ಲಿಯ ಬಹಳಷ್ಟು ಕಟ್ಟಡಗಳಲ್ಲಿ ಫ್ಲಾಟ್ ನಂಬರ್ ಅನ್ನೋದೇ ಇರೋದಿಲ್ಲ. ಕೆಳಬಾಗಿಲ ಹತ್ತಿರ ಕರೆಗಂಟೆಗಳ ಸಾಲು, ಒಂದೊಂದರ ಪಕ್ಕ ಮನೆಯವರ ಹೆಸರು. ಆ ಹೆಸರೇ ವಿಳಾಸ. ಆಕೆ ಮೊದಲು ಗಂಟೆ ಒತ್ತಲಿಲ್ಲ, ಹೆಸರುಗಳನ್ನೆಲ್ಲ ನಿಧಾನವಾಗಿ ಓದಿದರು. ನಮ್ಮ ಮೇಲಿನ ಮನೆಯ ಗಂಟೆಗೆ ನಾಲ್ಕು ಹೆಸರು. ಒಂದು ಅಚ್ಚಾಗಿತ್ತು, ಉಳಿದವು ಕಾಗದದಲ್ಲಿ ಬರೆದು ಸೆಲೋಟೇಪ್ ಅಂಟಿಸಿದ್ದು. ಒಂದರ ಮೇಲೆ ಇನ್ನೊಂದು, ಕೆಳಗಿನದು ಬಿಸಿಲಿಗೆ ಹಳದಿಯಾಗಿತ್ತು.

ಹಳದಿ ಚೀಟಿಯ ಹುಡುಗ ಹೈದರಾಬಾದಿಗೆ ವಾಪಸ್ ಹೋಗಿ ಆಗಲೇ ಬಹಳ ದಿನವಾಗಿತ್ತು. ಮನೆಯಲ್ಲಿದ್ದವರು ಅದನ್ನೇ ಹೇಳಿದರು. ಅದೇ ಮನೆಯಲ್ಲಿ ಚೀಟಿಯೂ ಇಲ್ಲದ ಇನ್ನೊಬ್ಬ ಇದ್ದ. ಅವನಿಗೆ ರೂಮು ಕೊಟ್ಟವರು "ಬಾಡಿಗೆ ಕೊಡು, ಅನ್‌ಮೆಲ್ಡುಂಗ್ ಮಾತ್ರ ಕೇಳಬೇಡ" ಅಂದಿದ್ದರು. ದೊಡ್ಡ ಊರುಗಳಲ್ಲಿ ಇದು ಮಾಮೂಲು. ಅಂದರೆ ಕಡತದಲ್ಲಿದ್ದವನು ಮನೆಯಲ್ಲಿಲ್ಲ, ಮನೆಯಲ್ಲಿದ್ದವನು ಕಡತದಲ್ಲಿಲ್ಲ. ಆಕೆ ಎರಡನ್ನೂ ಗುರುತು ಹಾಕಿಕೊಂಡರು. ಹೆಸರು, ಹುಟ್ಟಿದ ದಿನ, ಯಾವ ದೇಶದವರು ಇಷ್ಟೇ ಪ್ರಶ್ನೆ, ಐದೇ ನಿಮಿಷ. ಆಮೇಲೆ ಕೆಲವರಿಗೆ ಆನ್‌ಲೈನಿನಲ್ಲಿ ತುಂಬುವ ಉದ್ದದ ಫಾರಂ.

ಹಾಗಾದರೆ ಆ ಹೈದರಾಬಾದಿನವನ ಹೆಸರು ಪಾಲಿಕೆಯ ಕಡತದಿಂದ ಹೋಯಿತಾ? ಗಣತಿಯಿಂದಂತೂ ಹೋಗಲಿಲ್ಲ, ಹೋಗುವ ಹಾಗೂ ಇಲ್ಲ. ಗಣತಿಯಲ್ಲಿ ತಿಳಿದದ್ದನ್ನು ಪಾಲಿಕೆಯ ಪಟ್ಟಿ ತಿದ್ದೋಕೆ ಬಳಸಬಾರದು ಅಂತ ಇಲ್ಲಿ ನಿಯಮವಿದೆ. ಅಂಕಿಯಲ್ಲಿ ಒಂದು ಕಡಿಮೆ ಮಾಡಬಹುದು, ಆ ಒಂದು ಯಾರು ಅಂತ ಪಾಲಿಕೆಗೆ ಹೇಳಬಾರದು.

"ಮತ್ತೆ ಎಣಿಸಿದ್ದು ಯಾತಕ್ಕೆ?" ಅಂದಳು ಅಮ್ಮ.

ನಾನೂ ಮೊದಲು ಹಾಗೇ ಅಂದುಕೊಂಡೆ. ಇದರ ಹಿಂದೆ ಒಂದು ಜಗಳವಿದೆ. 1983ರಲ್ಲಿ ಪಶ್ಚಿಮ ಜರ್ಮನಿ ಗಣತಿಗೆ ಸಿದ್ಧವಾಗಿತ್ತು. ಜನರ ಉತ್ತರ ನೋಡಿ ಪಾಲಿಕೆಯ ಪಟ್ಟಿಯನ್ನೂ ತಿದ್ದಿಬಿಡೋಣ ಅಂತ ಸರ್ಕಾರದ ಯೋಚನೆ. ಜನ ಸಿಡಿದೆದ್ದರು. ವಿಷಯ ಸಂವಿಧಾನ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಲಯ ಗಣತಿಯನ್ನು ತಡೆದು, ಆ ವರ್ಷದ ಡಿಸೆಂಬರ್ 15ರಂದು ತೀರ್ಪು ಕೊಟ್ಟಿತು. ತನ್ನ ಮಾಹಿತಿ ಯಾರ ಕೈಗೆ ಹೋಗಬೇಕು ಅಂತ ತೀರ್ಮಾನಿಸುವ ಹಕ್ಕು ಆಯಾ ವ್ಯಕ್ತಿಯದು, ಅಂಕಿಅಂಶಕ್ಕೆ ಅಂತ ತೆಗೆದುಕೊಂಡದ್ದನ್ನು ಆಡಳಿತದ ಕೆಲಸಕ್ಕೆ ತಿರುಗಿಸಬಾರದು ಅಂದಿತು. ಗಣತಿ ಕೊನೆಗೆ ನಡೆದದ್ದು 1987ರಲ್ಲಿ, ಅದೂ ಬಹಿಷ್ಕಾರದ ಗಲಾಟೆಯ ನಡುವೆ. ಅದಾದ ಮೇಲೆ ಮುಂದಿನದು 2011ರಲ್ಲಿ. ಆಗಲೂ ಹೀಗೇ, 15 ಲಕ್ಷ ಜನ ಕಡಿಮೆ.

ಇಷ್ಟೊಂದು ಹೆದರಿಕೆ ಯಾಕೆ ಅಂತ ಕೇಳುವವರು ಪಕ್ಕದ ನೆದರ್ಲೆಂಡ್ಸನ್ನು ನೋಡಬೇಕು. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿಯ ಜನಸಂಖ್ಯಾ ಪಟ್ಟಿ ಬಹಳ ಅಚ್ಚುಕಟ್ಟು. ಪ್ರತಿಯೊಬ್ಬರಿಗೂ ಕಾರ್ಡು, ಕಾರ್ಡಿನಲ್ಲಿ ಧರ್ಮ. ನಾಜಿಗಳು ಬಂದಾಗ ಯಹೂದಿಗಳು ಯಾವ ಬೀದಿಯ ಯಾವ ಮನೆಯಲ್ಲಿದ್ದಾರೆ ಅಂತ ಹುಡುಕುವ ಕಷ್ಟವೇ ಇರಲಿಲ್ಲ. ಅಲ್ಲಿದ್ದ ಸುಮಾರು 1 ಲಕ್ಷ 40 ಸಾವಿರ ಯಹೂದಿಗಳಲ್ಲಿ ಮುಕ್ಕಾಲು ಪಾಲು ಜನ ಸತ್ತರು. 1943ರ ಮಾರ್ಚ್ 27ರಂದು ಕೆಲವರು ಪೊಲೀಸ್ ವೇಷದಲ್ಲಿ ಆಮ್‌ಸ್ಟರ್‌ಡ್ಯಾಮಿನ ಆ ಪಟ್ಟಿ ಇಟ್ಟಿದ್ದ ಕಚೇರಿಗೆ ನುಗ್ಗಿ ಕಾರ್ಡುಗಳಿಗೆ ಬೆಂಕಿ ಇಟ್ಟರು. ಸುಟ್ಟಿದ್ದು ಸ್ವಲ್ಪ ಭಾಗ ಮಾತ್ರ. ಸಿಕ್ಕಿಬಿದ್ದವರಲ್ಲಿ ಹನ್ನೆರಡು ಜನರನ್ನು ನಾಜಿಗಳು ಗುಂಡಿಟ್ಟು ಕೊಂದರು. ಇದು ಗೊತ್ತಾದ ಮೇಲೆ 14 ಲಕ್ಷದ ತಪ್ಪಿನ ಮೇಲೆ ನನಗಿದ್ದ ಸಿಟ್ಟು ಇಳಿಯಿತು. ಕೋಷ್ಟಕ ಮತ್ತೆ ಮಾಡೋದು ತಲೆನೋವೇ, ಆದರೂ ಈ ನಿಯಮ ಇರಲಿ ಅನ್ನಿಸುತ್ತದೆ.

ನಾರ್ಡಿಕ್ ದೇಶಗಳಿಗೆ ಈ ಅಂಜಿಕೆ ಇಲ್ಲ. ಸ್ವೀಡನ್ನಿನಲ್ಲಿ 1749ರಿಂದಲೇ ಪಾದ್ರಿಗಳು ಊರೂರಿನ ಹುಟ್ಟು ಸಾವು ಬರೆದು ರಾಜಧಾನಿಗೆ ಕಳಿಸುತ್ತಿದ್ದರು. ಬಂದ ಮೊತ್ತ ತೀರಾ ಚಿಕ್ಕದು ಅಂತ ಮೊದಮೊದಲು ಅದನ್ನು ರಾಜ್ಯದ ಗುಟ್ಟಾಗಿ ಇಟ್ಟಿದ್ದರಂತೆ. ಈ ಪಟ್ಟಿ ಚರ್ಚಿನ ಕೈಯಿಂದ ತೆರಿಗೆ ಇಲಾಖೆಗೆ ಬಂದದ್ದು 1991ರಲ್ಲಿ. ಡೆನ್ಮಾರ್ಕ್ 1968ರಲ್ಲಿ ಎಲ್ಲರಿಗೂ ನಂಬರ್ ಕೊಟ್ಟು, 1981ರಲ್ಲಿ ಒಂದು ಮನೆ ಬಾಗಿಲೂ ತಟ್ಟದೆ ಕಡತದಿಂದಲೇ ಪೂರ್ತಿ ಗಣತಿ ಮಾಡಿತು. ಪ್ರಪಂಚದಲ್ಲಿ ಅದೇ ಮೊದಲು. ಆದರೆ ಹೇಳದೆ ಹೋದವರ ಕಾಟ ಸ್ವೀಡನ್ನಿಗೂ ತಪ್ಪಿಲ್ಲ.

ಬ್ರಿಟನ್ನಿನಲ್ಲಿ ಇದರ ಉಲ್ಟಾ. ಅಲ್ಲಿ ಇಂಥ ಪಟ್ಟಿಯೇ ಇಲ್ಲ. 1801ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ, 1941ರಲ್ಲಿ ಮಾತ್ರ ಯುದ್ಧದಿಂದ ತಪ್ಪಿತು. ನಡುವಿನ ವರ್ಷಗಳಲ್ಲಿ ಎಷ್ಟು ಜನ ಬಂದರು, ಹೋದರು ಅಂತ ತಿಳಿಯೋಕೆ ವಿಮಾನ ನಿಲ್ದಾಣ, ಬಂದರುಗಳಲ್ಲಿ ಕೆಲವು ಪ್ರಯಾಣಿಕರನ್ನು ನಿಲ್ಲಿಸಿ ಕೇಳುತ್ತಿದ್ದರು. ಬ್ರೆಕ್ಸಿಟ್ ಹೊತ್ತಿಗೆ, ಅಂದರೆ ಬ್ರಿಟನ್ ಯುರೋಪ್ ಒಕ್ಕೂಟ ಬಿಡುವ ಹೊತ್ತಿಗೆ, ಅಲ್ಲೇ ಉಳಿಯಬೇಕೆನ್ನುವ ಯುರೋಪಿಯನ್ನರು ಅರ್ಜಿ ಹಾಕಿ ಅಂದರು. ಇರುವವರು 35 ಲಕ್ಷದ ಆಸುಪಾಸು ಅಂದುಕೊಂಡಿದ್ದರು. ಅರ್ಜಿ ಹಾಕಿದವರು 50 ಲಕ್ಷ ದಾಟಿದರು.

ಈ ಜನ ಬಂದದ್ದು ಎಲ್ಲಿಂದ? ಬಹಳಷ್ಟು ಮಂದಿ ಪೋಲೆಂಡು, ರೊಮೇನಿಯಾದಿಂದ. ರೊಮೇನಿಯಾದ ನನ್ನ ಸಹೋದ್ಯೋಗಿಯ ಗುರುತಿನ ಕಾರ್ಡಿನಲ್ಲಿ ಇವತ್ತಿಗೂ ಊರಿನ ವಿಳಾಸವೇ ಇದೆ, ಇಲ್ಲಿಯ ಪಾಲಿಕೆಯಲ್ಲೂ ಹೆಸರಿದೆ. ಮದುವೆ ಮನೆಯಲ್ಲಿ ಎರಡು ಪಂಕ್ತಿಯಲ್ಲೂ ಕೂತವನ ಎಲೆ ಎರಡು ಸಲ ಲೆಕ್ಕಕ್ಕೆ ಬಂದ ಹಾಗೆ. ಇದನ್ನು ತಪ್ಪಿಸೋಕೆ ಯುರೋಪ್ ಒಕ್ಕೂಟದ ಅಂಕಿಅಂಶ ಕಚೇರಿ ಯೂರೋಸ್ಟ್ಯಾಟ್ ಒಂದು ನಿಯಮ ಇಟ್ಟಿದೆ. ಹನ್ನೆರಡು ತಿಂಗಳು ಎಲ್ಲಿ ವಾಸ ಇದ್ದೀರೋ, ಅಥವಾ ಇರುವ ಉದ್ದೇಶ ಇದೆಯೋ, ನೀವು ಅಲ್ಲಿಯವರು. ಓದೋಕೆ ಸರಳ, ಎಣಿಸೋಕೆ ಹೊರಟರೆ ಜಗಳ. ಬಾಸ್ನಿಯಾದಲ್ಲಿ 2013ರ ಗಣತಿಯ ಅಂಕಿ ಹೊರಬರೋಕೆ 2016 ಆಯಿತು. ವಿದೇಶದಲ್ಲಿ ಕೆಲಸ ಮಾಡುವವರನ್ನು ಊರಿನವರೆಂದು ಎಣಿಸಬೇಕೋ ಬೇಡವೋ ಅಂತ ಜಗಳ. ಯಾವ ಜನಾಂಗ ಎಷ್ಟು ಪಾಲು ಅನ್ನೋದು ಅದರ ಮೇಲೆ ನಿಂತಿತ್ತು.

ಜಗಳವಾಗೋದರಲ್ಲಿ ಆಶ್ಚರ್ಯವಿಲ್ಲ ಬಿಡಿ. ಒಕ್ಕೂಟದ ಮಂತ್ರಿಗಳ ಸಭೆಯಲ್ಲಿ ಒಂದು ತೀರ್ಮಾನ ಪಾಸಾಗಬೇಕಾದರೆ ಶೇಕಡ 55ರಷ್ಟು ದೇಶಗಳ ಜೊತೆಗೆ ಶೇಕಡ 65ರಷ್ಟು ಜನಸಂಖ್ಯೆಯೂ ಆ ಕಡೆ ಇರಬೇಕು. ಜರ್ಮನಿಯ ಒಳಗೆ ರಾಜ್ಯಗಳಿಗೆ ಹಣ ಹಂಚೋದೂ ತಲೆ ಎಣಿಸಿಯೇ. 2011ರಲ್ಲಿ, ತಾನೇ ಒಂದು ರಾಜ್ಯವಾಗಿರುವ ಬರ್ಲಿನ್ ನಗರ ಒಂದರಲ್ಲೇ 1 ಲಕ್ಷ 80 ಸಾವಿರ ಜನ ಕಡಿಮೆಯಾದರು, ವರ್ಷಕ್ಕೆ ಕೋಟಿಗಟ್ಟಲೆ ಯೂರೋ ಹೋಯಿತು. ಹತ್ತು ಸಾವಿರಕ್ಕಿಂತ ಚಿಕ್ಕ ಊರುಗಳನ್ನು ಎಣಿಸಿದ ರೀತಿ ಬೇರೆ, ನಮ್ಮನ್ನು ಎಣಿಸಿದ ರೀತಿ ಬೇರೆ ಅಂತ ಬರ್ಲಿನ್, ಹ್ಯಾಂಬರ್ಗ್ ಎರಡೂ ಕೋರ್ಟಿಗೆ ಹೋದವು. 2018ರಲ್ಲಿ ಸೋತವು.

ನನ್ನ ಮೇಜಿಗೆ ಬರುವ ಪ್ರಶ್ನೆಗಳು ಇಷ್ಟು ದೊಡ್ಡವಲ್ಲ, ಆದರೆ ಕಿರಿಕಿರಿ ಇಷ್ಟೇ. ಫ್ರಾನ್ಸಿನ ಜನಸಂಖ್ಯೆ ಕೊಡಿ ಅಂತಾರೆ. ಯಾವ ಫ್ರಾನ್ಸ್? ಮಡಗಾಸ್ಕರಿನ ಪಕ್ಕ, ನಮ್ಮ ಹಿಂದೂ ಮಹಾಸಾಗರದಲ್ಲಿರುವ ರೀಯೂನಿಯನ್ ದ್ವೀಪವೂ ಫ್ರಾನ್ಸೇ. ಅಂಥ ಐದು ದೂರದ ಪ್ರಾಂತ್ಯ ಸೇರಿಸಿದರೆ ಇಪ್ಪತ್ತು ಲಕ್ಷಕ್ಕಿಂತ ಜಾಸ್ತಿ ವ್ಯತ್ಯಾಸ. ಸೈಪ್ರಸ್ ಅಂದರೆ ಅರ್ಧ ದ್ವೀಪವೋ ಇಡೀ ದ್ವೀಪವೋ? ಸರ್ಬಿಯಾದ ಲೆಕ್ಕದಲ್ಲಿ ಕೊಸೊವೊ ಇದೆಯೋ ಇಲ್ಲವೋ? ಉಕ್ರೇನಿನಲ್ಲಿ ಕೊನೆಯ ಗಣತಿ ನಡೆದದ್ದು 2001ರಲ್ಲಿ. ಆಮೇಲೆ ಯುದ್ಧ, ಲಕ್ಷಗಟ್ಟಲೆ ಜನ ಪಶ್ಚಿಮಕ್ಕೆ. ಅಂಕಿಗಳ ಕೆಳಗೆ ನಾವು ಬರೆಯುವ ಟಿಪ್ಪಣಿಗಳು ಅಂಕಿಗಳಿಗಿಂತ ಉದ್ದ.

ಕಳೆದ ರಾಜ್ಯೋತ್ಸವದ ಊಟಕ್ಕೆ ಲೆಕ್ಕ ಹಾಕುವಾಗ ನಮ್ಮ ಊರಿನ ಕನ್ನಡಿಗರು ನನ್ನನ್ನು ಹಿಡಿದರು. "ನಿಮ್ಮದು ಇದೇ ಕೆಲಸ ಅಲ್ವಾ, ಜರ್ಮನಿಯಲ್ಲಿ ನಾವು ಕನ್ನಡದವರು ಎಷ್ಟು ಜನ ಇದ್ದೀವಿ ಹೇಳಿ." ನನ್ನ ಹತ್ತಿರ ಅಂಕಿ ಇಲ್ಲ. ನಮ್ಮಲ್ಲಿ ಮಾತೃಭಾಷೆ ಕೇಳುತ್ತಾರೆ, ಇಲ್ಲಿಯ ಗಣತಿ ಕೇಳೋದಿಲ್ಲ. ಪಾಸ್‌ಪೋರ್ಟ್ ನೋಡಿ ಭಾರತೀಯ ಅಂತ ಬರೆದುಕೊಳ್ಳುತ್ತಾರೆ. ಜರ್ಮನ್ ಪೌರತ್ವ ತೆಗೆದುಕೊಂಡ ಧಾರವಾಡದವರು ಆ ಸಾಲಿನಿಂದಲೂ ಹೋಗುತ್ತಾರೆ. ಅತ್ತ 2027ರಲ್ಲಿ ನಡೆಯುವ ನಮ್ಮ ದೇಶದ ಗಣತಿಯಲ್ಲೂ, ಊರಿನಲ್ಲಿಲ್ಲದ ನಮ್ಮ ಹೆಸರು ಬರುವ ಹಾಗಿಲ್ಲ. ಕೊನೆಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೈ ಎತ್ತಿದವರನ್ನು ಎಣಿಸಿ ಹೋಳಿಗೆ ಮಾಡಿಸಿದರು. ಆ ಗುಂಪಿನಲ್ಲೂ ಊರಿಗೆ ವಾಪಸ್ ಹೋದವರು ಹಾಗೇ ಉಳಿದಿದ್ದಾರೆ, ಹಬ್ಬ ಬಂದಾಗ ಶುಭಾಶಯ ಹಾಕುತ್ತಾರೆ.

ಜರ್ಮನಿಯಿಂದ ಹೊರಡುತ್ತಿರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಹೆಸರು ತೆಗೆಸೋದಕ್ಕೆ ಅಬ್‌ಮೆಲ್ಡುಂಗ್ ಅಂತಾರೆ. ಹೊರಡುವ ಒಂದು ವಾರ ಮೊದಲಿನಿಂದ, ಹೋದ ಎರಡು ವಾರದೊಳಗೆ ಮಾಡಿಸಬೇಕು. ದುಡ್ಡು ಕೊಡಬೇಕಾಗಿಲ್ಲ, ಬಹಳ ಊರುಗಳಲ್ಲಿ ಅಂಚೆಯಲ್ಲಿ ಫಾರಂ ಕಳಿಸಿದರೂ ನಡೆಯುತ್ತದೆ. ಅವರು ಕೊಡುವ ಕಾಗದವನ್ನು ಜೋಪಾನ ಮಾಡಿ. ರೇಡಿಯೊ, ಟೀವಿ ಶುಲ್ಕ ಅಂತ ತಿಂಗಳಿಗೆ 18 ಯೂರೋ 36 ಸೆಂಟ್ ಹಿಡಿಯುತ್ತಾರಲ್ಲ, ಅದನ್ನು ನಿಲ್ಲಿಸೋಕೂ ಅದೇ ಕಾಗದ ಕೆಲಸಕ್ಕೆ ಬರುತ್ತದೆ.